ಸಮುದಾಯ ಕಾಲೇಜು: ಸಂವಹನ ಮತ್ತು ಗಣಕದ ಪಾಠ

ಗಣಕಯಂತ್ರವು ಕಚೇರಿಗಳನ್ನು ಪ್ರವೇಶಿಸುವ ಮೊದಲು ಬೆರಳಚ್ಚು ಮತ್ತು ಶೀಘ್ರಲಿಪಿಗಳೇ ನಗರದ ನೌಕರಿಗೆ ರಹದಾರಿಗಳಾಗಿದ್ದವು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಲ್ಲಿ ಕೆಲವರು ಟೈಪಿಂಗ್ ಕಲಿತು ಗುಮಾಸ್ತರಾದರು. ಮುಂದೆ ಯಂತ್ರ ಬದಲಾಯಿತು. ಆದರೆ ಓದನ್ನು ನಡುವೆಯೇ ಬಿಟ್ಟವರು ಹೊಸ ವಿದ್ಯೆಯನ್ನು ಕಲಿಯುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ದೊರೆತ ಉತ್ತರಗಳಲ್ಲೊಂದು ಸಮುದಾಯ ಕಾಲೇಜು.

ಇದರ ಮೂಲ ಅಮೆರಿಕದಲ್ಲಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ ಕೇವಲ ಆರು ವಿದ್ಯಾರ್ಥಿಗಳೊಂದಿಗೆ ಒಂದು ಕಿರಿಯ ಕಾಲೇಜು ಆರಂಭವಾಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆ ನೆರವಾಗುವ ಕಾನೂನು 1944ರಲ್ಲಿ ಬಂದಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು ಇಂತಹ ಕಾಲೇಜುಗಳ ಜಾಲವನ್ನು ವಿಸ್ತರಿಸಬೇಕೆಂದು ಹೇಳಿ, 'ಸಮುದಾಯ ಕಾಲೇಜು' ಎಂಬ ಹೆಸರನ್ನು ಬಳಕೆಗೆ ತಂದಿತು. ಕಡಿಮೆ ಶುಲ್ಕ, ಮನೆಯ ಸಮೀಪದ ತರಗತಿ, ಸ್ಥಳೀಯ ಉದ್ಯೋಗಕ್ಕೆ ಹೊಂದುವ ಪಾಠ: ಇವು ಆ ವ್ಯವಸ್ಥೆಯ ಲಕ್ಷಣಗಳು.

ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಇಂತಹ ಕಾಲೇಜನ್ನು ತೆರೆಯಿತು. ಮರುವರ್ಷ ಚೆನ್ನೈಯಲ್ಲಿ ಮದ್ರಾಸ್-ಮೈಲಾಪುರದ ಕ್ರೈಸ್ತ ಮಹಾಧರ್ಮಪ್ರಾಂತ್ಯವು ಮದ್ರಾಸ್ ಸಮುದಾಯ ಕಾಲೇಜನ್ನು ಆರಂಭಿಸಿತು. ಈ ಚಳವಳಿಯನ್ನು ಬೆಳೆಸಿದವರಲ್ಲಿ ಫಾದರ್ ಕ್ಸೇವಿಯರ್ ಅಲ್ಫೋನ್ಸ್ ಅವರ ಹೆಸರು ಮುಖ್ಯವಾದುದು. ಶಾಲೆ ಬಿಟ್ಟವರು, ಬಡವರು, ಮಹಿಳೆಯರು ಇದರ ಮುಖ್ಯ ವಿದ್ಯಾರ್ಥಿಗಳು. ಮುಂದೆ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಈ ಮಾದರಿಗೆ ನೆರವು ನೀಡಿತು.

ಇಲ್ಲಿನ ಪಠ್ಯಕ್ರಮದಲ್ಲಿ ಬದುಕಿನ ಕೌಶಲ, ಕಸುಬಿನ ಕೌಶಲ ಮತ್ತು ಉದ್ಯೋಗಸ್ಥಳದಲ್ಲಿಯೇ ಪಡೆಯುವ ತರಬೇತಿ ಒಟ್ಟಿಗೆ ಸಾಗುತ್ತವೆ. ಆರಿಸಿಕೊಂಡ ಕಸುಬು ಯಾವುದೇ ಇರಲಿ, ಸಂವಹನ ಮತ್ತು ಗಣಕದ ಮೂಲಪಾಠಗಳು ಅದರೊಂದಿಗೆ ಇರುತ್ತವೆ. ಅದು ಸಕಾರಣವೇ. ರೋಗಿಯನ್ನು ನೋಡಿಕೊಳ್ಳುವ ಸಹಾಯಕಿ ವೈದ್ಯರಿಗೆ ರೋಗಿಯ ಸ್ಥಿತಿಯನ್ನು ಸ್ಪಷ್ಟವಾಗಿ ತಿಳಿಸಬಲ್ಲವಳಾಗಿರಬೇಕು. ಅಂಗಡಿಯ ಲೆಕ್ಕ ಬರೆಯುವವನಿಗೆ ಪರದೆಯ ಭಯವಿರಬಾರದು.

ಆದರೆ ಸಂವಹನವೆಂದರೆ ಬಹುಮಟ್ಟಿಗೆ ಇಂಗ್ಲಿಷ್ ಸಂಭಾಷಣೆಯೆಂದೇ ಅರ್ಥವಾಗಿಬಿಟ್ಟಿದೆ. ಇಂಗ್ಲಿಷಿನ ಅಗತ್ಯವನ್ನು ನಾವು ಅಲ್ಲಗಳೆಯಲಾರೆವು. ಪರನಾಡಿನಲ್ಲಿ ಬಾಳುವ ನಮಗೆ ಅದರ ಬೆಲೆ ಗೊತ್ತು. ಆದರೂ ತನ್ನ ಮಾತಿನಲ್ಲಿ ಒಂದು ಅರ್ಜಿ ಬರೆಯಲಾರದವನಿಗೆ ಕಂಠಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳು ಎಷ್ಟು ದೂರ ಜೊತೆ ಬಂದಾವು?

ಯಂತ್ರ ಇದಕ್ಕೆ ಅಡ್ಡಿಯಲ್ಲ. ಮುಂಬಯಿಯಲ್ಲಿ ಬಹುಕಾಲ ದುಡಿದ ಕೆ. ಪಿ. ರಾವ್ ಅವರು ಕನ್ನಡದ ಅಕ್ಷರಗಳನ್ನು ಉಚ್ಚಾರಣೆಯ ಕ್ರಮಕ್ಕೆ ಒಗ್ಗಿಸಿ, ಸಾಮಾನ್ಯ ಕೀಲಿಮಣೆಯಲ್ಲಿಯೇ ಮೂಡಿಸುವ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತವೆಂದು ಒಪ್ಪಿತು. ಹೊರನಾಡಿನ ಕನ್ನಡಿಗರೊಬ್ಬರು ನೀಡಿದ ಈ ಸಾಧನವನ್ನು ಹೊರನಾಡಿನ ನಮ್ಮ ಸಂಘಗಳು ಎಷ್ಟು ಮಂದಿಗೆ ಕಲಿಸಿವೆ?

ರಾತ್ರಿಶಾಲೆಯನ್ನು ಕಟ್ಟಿದವರ ಬಳಿ ಹಣವಿರಲಿಲ್ಲ, ಯೋಜನೆಯ ಅನುದಾನವೂ ಇರಲಿಲ್ಲ. ಇಂದು ನಮ್ಮ ಸಂಘಗಳ ಸಭಾಂಗಣಗಳು ವಾರದ ಬಹುತೇಕ ದಿನ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಎರಡು ಸಂಜೆ ಆ ಬೀಗ ತೆರೆದರೆ, ಹಿರಿಯರು ಆರಂಭಿಸಿದ ಕೆಲಸವನ್ನು ನಾವು ಮುಂದುವರಿಸಿದಂತಾಗುತ್ತದೆ.