ಆತ್ಮಬರಹ ಬಿಟ್ಟುಕೊಟ್ಟ ತಿಂಗಳುಗಳು: 1948ರ ಕಲಬುರಗಿ ಮತ್ತು ಸ್ವಯಂನಿರ್ಬಂಧ

ಕಲಬುರಗಿ ಸೀಮೆಯ ಹಿರಿಯರು 1948ನ್ನು ನೆನೆಯುವಾಗ ಮಾತಿಗೆ ಸಾಮಾನ್ಯವಾಗಿ ಒಂದು ಸಿದ್ಧ ನಡೆ ಇರುತ್ತದೆ. ಹೈದರಾಬಾದ್ ನಿಜಾಮರ ಪರ ಶಸ್ತ್ರ ಹಿಡಿದಿದ್ದ ರಜಾಕಾರರ ಹಾವಳಿ, ಊರು ತೊರೆದದ್ದು, ಗಡಿಯಾಚೆಯ ಶಿಬಿರಗಳು, ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸಂಸ್ಥಾನದ ಒಳಬಂದದ್ದು, 17ಕ್ಕೆ ನಿಜಾಮರು ಮಣಿದದ್ದು. ಅಲ್ಲಿಗೆ 'ಎಲ್ಲಾ ತಣ್ಣಗಾಯ್ತು' ಎಂದು ಕತೆ ಮುಗಿದು, ಮುಂದಿನ ಮಾತು ಶಾಲೆ, ನೌಕರಿ, 1956ರ ಕರ್ನಾಟಕ ಏಕೀಕರಣಕ್ಕೆ ಹಾರುತ್ತದೆ. ನಡುವಿನ ತಿಂಗಳುಗಳು ಏನಾದವು? ತನ್ನ ಬದುಕನ್ನು ತಾನೇ ಬರೆಯುವವರು ತಮಗೆ ತಾವೇ ಹಾಕಿಕೊಳ್ಳುವ ನಿರ್ಬಂಧವನ್ನು ಅರಿಯಲು ಈ ತಿಂಗಳುಗಳಿಗಿಂತ ತಕ್ಕ ಜಾಗ ನಮ್ಮ ಸೀಮೆಯಲ್ಲಿ ನನಗೆ ಕಾಣುತ್ತಿಲ್ಲ.

ಆ ತಿಂಗಳುಗಳ ಕುರಿತು ಒಂದು ದಾಖಲೆ ಇದೆ. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸಮಿತಿ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದ ಒಂಬತ್ತು ಜಿಲ್ಲೆಗಳನ್ನು ಸುತ್ತಿತು. 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಲಾದ ಆ ಸೈನಿಕ ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ರಜಾಕಾರರ ಬಲವಾದ ನೆಲೆಗಳಾಗಿದ್ದು, ಅವರ ಕೈಯಲ್ಲಿ ಜನ ಅತಿ ಹೆಚ್ಚು ನೊಂದದ್ದೂ ಇದೇ ನಾಲ್ಕು ಜಿಲ್ಲೆಗಳಲ್ಲಿ ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ಎರಡು ನೋವುಗಳನ್ನೂ ಒಂದೇ ಪುಟದಲ್ಲಿ ಇಟ್ಟ ಈ ವರದಿಯನ್ನು ಭಾರತ ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಸರ್ಕಾರವೇ ಬಾಯಿ ಕಟ್ಟಿಕೊಂಡ ಮೇಲೆ ಮನೆಗಳು ಮಾತಾಡುವುದು ಸುಲಭವಲ್ಲ.

ಕನ್ನಡದ ಆತ್ಮಬರಹಕ್ಕೆ ಧೈರ್ಯ ಕಡಿಮೆ ಎನ್ನಲಾಗದು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ', ವಿಜಯಾ ಅವರ 'ಕುದಿ ಎಸರು' ಹೇಳಲು ಹಿಂಜರಿಯುವಂಥದ್ದನ್ನೇ ಹೇಳಿದವು. ಆದರೆ ಅವುಗಳ ಸತ್ಯ ಹೆಚ್ಚಿನ ಮಟ್ಟಿಗೆ ತಾನುಂಡ ನೋವಿನ ಸತ್ಯ. ತನ್ನವರು ಬೇರೆಯವರಿಗೆ ಕೊಟ್ಟ ನೋವನ್ನು ಬರೆಯುವುದು ಬೇರೆಯೇ ಪರೀಕ್ಷೆ. ಅಲ್ಲಿ ಲೇಖಕನ ಎದುರು ಓದುಗನಿಗಿಂತ ಮೊದಲು ಅಣ್ಣತಮ್ಮಂದಿರು, ಬೀಗರು, ಓಣಿಯವರು ನಿಂತಿರುತ್ತಾರೆ. ಹೊಲ ಯಾರ ಹೆಸರಿಂದ ಯಾರ ಹೆಸರಿಗೆ ಹೋಯಿತು ಎಂಬ ಒಂದು ವಾಕ್ಯ ಸಾಕು, ಮನೆತನ ಒಡೆಯಲು.

ನೊಂದವರ ಮೌನಕ್ಕೆ ಬೇರೆ ಕಾರಣವಿದೆ. ರಾಜಕಾರಣಿ ಮಲ್ಲಿಕಾರ್ಜುನ ಖರ್ಗೆಯವರು ಬಾಲಕನಾಗಿದ್ದಾಗ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡರು. ಕಲಬುರಗಿಗೆ ಬಂದು ನೆಲೆಸಿ ದಶಕಗಟ್ಟಲೆ ಸಾರ್ವಜನಿಕ ಜೀವನ ನಡೆಸಿದರೂ ಆ ನೋವನ್ನು ಅವರು ವೇದಿಕೆಯ ಮಾತಾಗಿಸಿದ್ದು ವಿರಳ. 2024ರ ನವೆಂಬರ್‌ನಲ್ಲಿ ಆ ವಿಷಯ ರಾಜಕೀಯ ವಾಗ್ವಾದಕ್ಕೆ ಬಂದಾಗ ಉತ್ತರಿಸಿದವರು ಮಗ ಪ್ರಿಯಾಂಕ್ ಖರ್ಗೆ. ಇದನ್ನು ಅಪ್ರಾಮಾಣಿಕತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತನ್ನ ಗಾಯ ಇನ್ನೊಬ್ಬರ ಮೇಲೆ ಬೀಸುವ ಕೋಲಾಗದಿರಲಿ ಎಂಬ ಎಚ್ಚರವೂ ಸ್ವಯಂನಿರ್ಬಂಧವೇ. ಅಂಜಿ ಸುಮ್ಮನಾದದ್ದನ್ನೂ ಬೇಕೆಂದೇ ತಡೆದುಕೊಂಡದ್ದನ್ನೂ ಸಂಶೋಧಕ ಬೇರೆ ಮಾಡಿ ನೋಡಬೇಕು.

ಸುಂದರಲಾಲ್ ವರದಿಯ ಇನ್ನೊಂದು ಭಾಗವನ್ನು ಚರ್ಚೆಗಳು ಹೆಚ್ಚಾಗಿ ಕೈಬಿಡುತ್ತವೆ. ಎಷ್ಟೋ ಹಿಂದೂಗಳು ಜೀವದ ಹಂಗು ತೊರೆದು ಮುಸ್ಲಿಂ ಕುಟುಂಬಗಳನ್ನು ಕಾಪಾಡಿದರು; ಅದರಲ್ಲೂ ಒಂದೇ ಕಸುಬಿನವರು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತರು, ಕೆಲವರು ಅದಕ್ಕಾಗಿ ಪ್ರಾಣವನ್ನೇ ತೆತ್ತರು. ಅಪಹರಣಗೊಂಡ ಹೆಂಗಸರನ್ನು ಮರಳಿ ತರಲು ನೆರವಾದವರೂ ಇದ್ದರು. ಮೌನ ಕೊಂದವರನ್ನು ಮುಚ್ಚಿದಂತೆ ಈ ಕಾಪಾಡಿದವರನ್ನೂ ಮುಚ್ಚಿಬಿಟ್ಟಿದೆ. ಯಾರಿಂದ ಕಾಪಾಡಿದಿರಿ ಎಂಬ ಪ್ರಶ್ನೆ ಏಳುತ್ತದೆಂದು ಕಾಪಾಡಿದ ಮನೆಯವರೂ ಸುಮ್ಮನಾದರು ಎಂಬುದು ನನ್ನ ಊಹೆ. ನನ್ನನ್ನು ಅತಿ ಹೆಚ್ಚು ನೋಯಿಸುವ ನಷ್ಟ ಇದೇ.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಕಲಬುರಗಿ ಕೋಟೆಯ ಸುತ್ತಲ ಓಣಿಗಳಲ್ಲಿ, ಬೀದರ್ ದಾರಿಯ ಕಮಲಾಪುರದಂಥ ಊರುಗಳಲ್ಲಿ ಅವರನ್ನು ಮಾತಾಡಿಸುವವರು 'ನಿಮಗೇನಾಯಿತು' ಎಂದು ಮಾತ್ರ ಕೇಳಿದರೆ ಹಳೆಯ ಸಿದ್ಧ ಕಥನವೇ ಮರಳಿ ಸಿಗುತ್ತದೆ. 'ಆಗ ನಿಮ್ಮ ಮನ್ಯಾಗ ಯಾರನ್ನರ ಇಟ್ಕೊಂಡಿದ್ರೇನ್ರಿ? ನಿಮ್ಮನ್ನ ಯಾರರ ಇಟ್ಕೊಂಡಿದ್ರೇನು?' ಎಂದೂ ಕೇಳಬೇಕು. ಹೆಸರು ಬೇಡವೆಂದರೆ ಬಿಡಬೇಕು; ಆದರೆ ಬಿಟ್ಟಿದ್ದೇವೆ, ಏಕೆ ಬಿಟ್ಟಿದ್ದೇವೆ ಎಂಬುದನ್ನು ಅಲ್ಲೇ, ಅದೇ ಪುಟದಲ್ಲಿ ಬರೆದಿಡಬೇಕು.