ಸೋತವನಿಗೆ ಸೀರೆ

ಯುದ್ಧದಲ್ಲಿ ಸೋತು ಬಂದ ಸೇನಾಪತಿಗೆ ಇಮ್ಮಡಿ ಪುಲಕೇಶಿಯ ನಾಡಿನಲ್ಲಿ ಶಿಕ್ಷೆ ಕೊಡುತ್ತಿರಲಿಲ್ಲವಂತೆ. ಹೆಂಗಸರ ಉಡುಪು ಕೊಡುತ್ತಿದ್ದರಂತೆ. ಆ ಅವಮಾನ ತಾಳದೆ ಅವನೇ ಸಾವನ್ನು ಹುಡುಕಿಕೊಳ್ಳುತ್ತಿದ್ದ. ಕ್ರಿ.ಶ. 641ರ ಸುಮಾರಿಗೆ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹೀಗೆಂದು ಬರೆದಿಟ್ಟಿದ್ದಾನೆ. ಕಾಳಗಕ್ಕೆ ಮುಂಚೆ ವೀರರು ತಾವೂ ಕುಡಿದು ನೂರಾರು ಆನೆಗಳಿಗೂ ಕುಡಿಸುತ್ತಿದ್ದರೆಂಬುದೂ ಅವನ ಬರಹದಲ್ಲೇ ಇದೆ. ಈ ಪಾಠ ಮಾಡುವಾಗ ಮಕ್ಕಳು ಕುಡಿದ ಆನೆಗೂ ನಗುತ್ತಾರೆ, ಸೀರೆಗೂ ನಗುತ್ತಾರೆ. ಸೀರೆಯ ಮಾತಿಗೆ ನನಗೆ ನಗು ಬರುವುದಿಲ್ಲ.

ಈ ಯಾತ್ರಿಕನ ಸುತ್ತ ಚೀನದಲ್ಲಿ ಕಥೆಗಳು ಬೆಳೆದು, 1592ರಲ್ಲಿ 'ಪಶ್ಚಿಮದ ಯಾತ್ರೆ' ಎಂಬ ದೊಡ್ಡ ಕಾದಂಬರಿಯಾಗಿ ಅಚ್ಚಾದವು. ಅದರಲ್ಲಿ ಅವನ ಜೊತೆ ಹೊರಡುವ ತುಂಟ ಕಪಿಯೊಂದಿದೆ, ನಮ್ಮ ಹನುಮಪ್ಪನ ದಾಯಾದಿಯಂಥದು. ಅದರ ಹೆಸರನ್ನು ಜಪಾನಿನವರು ಸೋನ್ ಗೋಕು ಎಂದು ಓದುತ್ತಾರೆ. ಅಕಿರಾ ತೊರಿಯಾಮಾ ಎಂಬ ಚಿತ್ರಕಾರ 1984ರಲ್ಲಿ ಆ ಹೆಸರನ್ನು ಬಾಲವಿರುವ ಒಬ್ಬ ಹುಡುಗನಿಗೆ ಇಟ್ಟು 'ಡ್ರ್ಯಾಗನ್ ಬಾಲ್' ಬರೆಯತೊಡಗಿದ. 1986ರಲ್ಲಿ ಅದು ಜಪಾನಿನ ಟೀವಿಗೆ ಬಂತು. ಈಗ ವಿಜಯಪುರದ ಓಣಿಗಳಲ್ಲಷ್ಟೇ ಅಲ್ಲ, ತಿಕೋಟಾ, ಬಬಲೇಶ್ವರದ ಮಕ್ಕಳ ಬಾಯಲ್ಲೂ ಗೋಕುವಿನ ಹೆಸರಿದೆ.

ಮಕ್ಕಳ ಒತ್ತಾಯಕ್ಕೆ ನಾನೂ ನೋಡಿದೆ. ಮೊದಮೊದಲು ಬರೀ ನಗೆ, ಬರೀ ಗುದ್ದಾಟ. ನನಗೆ ಹಿಡಿಸಿದ್ದು 28ನೆಯ ಕಂತು, ಕುಸ್ತಿ ಪಂದ್ಯದ ಕೊನೆಯ ಸುತ್ತು. ಗೋಕುವಿನ ಎದುರಾಳಿ ಜಾಕಿ ಚುನ್ ಎಂಬ ಮುದುಕ. ಅವನು ಬೇರೆ ಯಾರೂ ಅಲ್ಲ, ಗೋಕುವಿನ ಗುರು ಮುತೆನ್ ರೋಶಿಯೇ ವೇಷ ಮರೆಸಿಕೊಂಡು ಕಣಕ್ಕಿಳಿದಿದ್ದಾನೆ. (ಈ ಗುರುವಿನ ಹೆಣ್ಣಿನ ಚಪಲವನ್ನು ತಮಾಷೆಯಾಗಿ ತೋರಿಸುವುದು ನನಗೆ ಸ್ವಲ್ಪವೂ ಸೇರದು.) ಮೊದಲ ಪಂದ್ಯದಲ್ಲೇ ಗೆದ್ದರೆ ಶಿಷ್ಯರಿಗೆ ಸೊಕ್ಕು ಬಂದು ಕಲಿಕೆ ನಿಂತುಹೋಗುತ್ತದೆ ಎಂಬುದು ಅವನ ಲೆಕ್ಕಾಚಾರ. ಒಮ್ಮೆ ಅವನು ಕುಡಿದವನಂತೆ ತೂರಾಡುತ್ತಲೇ ಹೊಡೆಯುತ್ತಾನೆ. ನನಗೆ ಪುಲಕೇಶಿಯ ಆನೆಗಳು ನೆನಪಾದವು. ಹುಣ್ಣಿಮೆ ಚಂದ್ರನನ್ನು ಕಂಡ ಗೋಕು ಬೆಟ್ಟದಂಥ ಕಪಿಯಾದಾಗ, ಮುದುಕ ಚಂದ್ರನನ್ನೇ ಒಡೆದುಹಾಕುತ್ತಾನೆ! ಕೊನೆಗೆ ಇಬ್ಬರೂ ಹಾರಿ ಒದೆಯುತ್ತಾರೆ, ಇಬ್ಬರೂ ಬೀಳುತ್ತಾರೆ. ಮೊದಲು ಎದ್ದು ನಗುತ್ತಾ ತಾನೇ ಗೆದ್ದೆ ಎಂದವನೇ ಗೆದ್ದಂತೆ. ಗೋಕು ಎದ್ದರೂ ಮಾತು ಮುಗಿಸುವ ಮೊದಲೇ ಕುಸಿಯುತ್ತಾನೆ. ಗುರು ಗೆಲ್ಲುತ್ತಾನೆ, ಅದೂ ಅವನ ಕಾಲು ಹುಡುಗನ ಕಾಲಿಗಿಂತ ಉದ್ದ ಎಂಬುದರಿಂದ!

ಆಮೇಲೆ ಗೋಕುವಿಗೆ ಯಾರೂ ಸೀರೆ ಕೊಡಲಿಲ್ಲ. ಗುರು ಊಟಕ್ಕೆ ಕರೆದೊಯ್ದ. ಸೋತ ಹುಡುಗ ತಿಂದ ತಿನ್ನುವಿಕೆಗೆ ಬಹುಮಾನದ ಹಣ ಹೆಚ್ಚೂಕಡಿಮೆ ಪೂರ್ತಿ ಖರ್ಚಾಯಿತು.

ನಮ್ಮಲ್ಲಿ ಹಾಗಲ್ಲ. ಬಬಲೇಶ್ವರದ ಕಡೆಯ ಒಂದು ಶಾಲೆಯ ಅಂಗಳದಲ್ಲಿ ಕಬಡ್ಡಿ ಸೋತ ಹುಡುಗನಿಗೆ ಉಳಿದವರು, "ಬಳಿ ಇಟ್ಕೋ ಹೋಗಲೇ" ಎಂದು ಕೂಗಿದ್ದನ್ನು ಕೇಳಿದ್ದೇನೆ. ಪಕ್ಕದಲ್ಲಿದ್ದ ಒಬ್ಬ ಹುಡುಗಿ ತನ್ನ ಕೈ ನೋಡಿಕೊಂಡು, "ಬಳಿ ಇಟ್ಕೊಂಡಾವ್ರು ಸೋಲ್ತಾರೇನ್ರಿ ಅಕ್ಕೋರ?" ಎಂದಳು. ಹುಡುಗನನ್ನು ಬೈದವರು ಅವಳನ್ನೂ ಬೈದಿದ್ದರು. ಅದು ಅವರಿಗೆ ಗೊತ್ತಾಗಿರಲಿಲ್ಲ, ಅವಳಿಗೆ ಗೊತ್ತಾಗಿತ್ತು.

ಹರ್ಷನ ಹರ್ಷವೇ ಅಳಿಯಿತೆಂದು ಹೆಸರಿನ ಮೇಲೆ ಶ್ಲೇಷೆ ಮಾಡಿ, 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಸೋತವನನ್ನು ನಕ್ಕಿದ್ದಾನೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಆಗ ಸೋತವನು ಸ್ವತಃ ಪುಲಕೇಶಿ. ಅವನಿಗೆ ಹೆಣ್ಣುಡುಗೆ ಕೊಡುವವರು ಯಾರಿದ್ದರು?

ಹುಡುಗಿಗೆ ನಾನು ಹೇಳಿದ್ದು ನಮ್ಮೂರಿನ ಸೊಸೆಯ ಕಥೆ. ಒಂದನೆಯ ಅಲಿ ಆದಿಲ್‌ಶಾಹಿಯ ಹೆಂಡತಿ ಚಾಂದಬೀಬಿ. ಅವಳ ಹೆಸರಿನ ಚಾಂದ್ ಬಾವಡಿ ವಿಜಯಪುರದಲ್ಲಿದೆ, 1579ರದು. 1580ರಲ್ಲಿ ಗಂಡ ತೀರಿಕೊಂಡಾಗ ಪಟ್ಟಕ್ಕೆ ಬಂದ ಇಬ್ರಾಹಿಮ್ ಇನ್ನೂ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಇವಳು. ಮುಂದೆ ತವರಾದ ಅಹಮದ್‌ನಗರಕ್ಕೆ ಹೋದಳು. 1595ರ ಕೊನೆಗೆ ಮೊಗಲ್ ರಾಜಕುಮಾರ ಮುರಾದ್ ಆ ಕೋಟೆಗೆ ಮುತ್ತಿಗೆ ಹಾಕಿದ. ಮದ್ದು ಸಿಡಿಸಿ ಗೋಡೆ ಒಡೆದ. ಚಾಂದಬೀಬಿ ಮುಸುಕು ಹಾಕಿಕೊಂಡೇ ಕತ್ತಿ ಹಿಡಿದು ಆ ಬಿರುಕಿನಲ್ಲಿ ಬಂದು ನಿಂತಳು. ರಾತ್ರಿಯೆಲ್ಲ ನಿಂತು ಗೋಡೆ ಕಟ್ಟಿಸಿದಳು. ಬೆಳಗಾಗುವಷ್ಟರಲ್ಲಿ ಗೋಡೆ ಮತ್ತೆ ಎದ್ದಿತ್ತು.