ತೊಡೆಸಂದಿನ ನೋವು: ಹೆಸರುಗಳ ಗೊಂದಲದಿಂದ ಒಮ್ಮತದವರೆಗೆ

ಓಡುತ್ತಿರುವವನು ಗಕ್ಕನೆ ನಿಂತು ದಿಕ್ಕು ಬದಲಿಸುವುದು, ಕಾಲನ್ನು ಅಡ್ಡಲಾಗಿ ಬೀಸಿ ಚೆಂಡು ಒದೆಯುವುದು ಫುಟ್‌ಬಾಲ್ ಆಟದಲ್ಲಿ ಸಾಮಾನ್ಯ. ಈ ಎಳೆತವನ್ನು ಹೆಚ್ಚಾಗಿ ತಾಳಿಕೊಳ್ಳುವುದು ಹೊಟ್ಟೆ ಮತ್ತು ತೊಡೆ ಕೂಡುವ ತೊಡೆಸಂದು. ಅಲ್ಲಿ ನೋವು ನೆಲೆಸಿತೆಂದರೆ ಆಟಗಾರ ತಿಂಗಳುಗಟ್ಟಲೆ ಮೈದಾನದಿಂದ ಹೊರಗುಳಿಯಬೇಕಾಗುತ್ತದೆ. ಆದರೆ ಈ ನೋವನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ವೈದ್ಯರಿಗೆ ಬಹುಕಾಲ ಒಮ್ಮತವಿರಲಿಲ್ಲ.

1924ರಲ್ಲಿ ಅಮೆರಿಕದ ಎಡ್ವಿನ್ ಬಿಯರ್ ಅವರು ಕೆಳಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಪ್ಯೂಬಿಕ್ ಮೂಳೆಗಳು ಕೂಡುವಲ್ಲಿ ಉರಿಯೂತವನ್ನು ಗುರುತಿಸಿದರು. 1932ರಲ್ಲಿ ಇಟಲಿಯ ಸ್ಪಿನೆಲ್ಲಿ ಕತ್ತಿವರಸೆಯ ಕ್ರೀಡಾಪಟುಗಳಲ್ಲೂ ಇಂಥದೇ ನೋವನ್ನು ಕಂಡರು. 1980ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೆರ್ರಿ ಗಿಲ್ಮೋರ್ ಅವರಿಗೆ ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಬೇರೊಂದು ಚಿತ್ರ ಕಂಡಿತು. ಅವರಿಗೆ ಹರ್ನಿಯಾ ಇರಲಿಲ್ಲ, ಆದರೆ ಕೆಳಹೊಟ್ಟೆಯ ಸ್ನಾಯುಪೊರೆ ಹರಿದಿತ್ತು. ಗಿಲ್ಮೋರ್ ಅದನ್ನು ಹೊಲಿದು ಸರಿಪಡಿಸಿದರು. ಆ ತೊಂದರೆಗೆ ಅವರ ಹೆಸರೇ ಅಂಟಿಕೊಂಡಿತು.

ಹೀಗೆ ಒಬ್ಬರು ಮೂಳೆಯನ್ನು, ಇನ್ನೊಬ್ಬರು ಪೊರೆಯನ್ನು ದೂರಿದರು. ಹೆಸರು ಯಾವುದೋ, ಚಿಕಿತ್ಸೆಯೂ ಅದರಂತೆ. ಹೆಸರು ತಪ್ಪಿದರೆ ಅನಗತ್ಯ ಶಸ್ತ್ರಚಿಕಿತ್ಸೆ, ಇಲ್ಲವೇ ಫಲವಿಲ್ಲದ ವಿಶ್ರಾಂತಿ.

ಈ ಗೊಂದಲದ ನಡುವೆ 1999ರಲ್ಲಿ ಡೆನ್ಮಾರ್ಕಿನ ಪರ್ ಹೋಲ್ಮಿಚ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ತೊಡೆಯ ಒಳಬದಿಯ ಸ್ನಾಯುವಿಗೆ ಸಂಬಂಧಿಸಿದ ಹಳೆಯ ನೋವಿದ್ದ 68 ಕ್ರೀಡಾಪಟುಗಳನ್ನು ಅವರು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸ್ನಾಯು ಬಲಪಡಿಸುವ ವ್ಯಾಯಾಮ. ಇನ್ನೊಂದಕ್ಕೆ ಮಾಲೀಸು, ಲೇಸರ್‌ನಂಥ ಉಪಚಾರ. ನೋವಿಲ್ಲದೆ ಹಿಂದಿನ ಮಟ್ಟದ ಆಟಕ್ಕೆ ಮರಳಿದವರು ಮೊದಲ ಗುಂಪಿನಲ್ಲಿ 23 ಮಂದಿ, ಎರಡನೆಯದರಲ್ಲಿ ಕೇವಲ 4. ನೋಯುವ ಸ್ನಾಯುವನ್ನು ಕ್ರಮವಾಗಿ ದುಡಿಸುವುದೇ ಮದ್ದು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಹೆಸರುಗಳ ಸಮಸ್ಯೆ ಮಾತ್ರ ಉಳಿದೇ ಇತ್ತು. ಚಿಕಿತ್ಸೆಯ ಕುರಿತ 72 ಅಧ್ಯಯನಗಳಲ್ಲಿ 33 ಬಗೆಯ ರೋಗನಾಮಗಳು ಬಳಕೆಯಾಗಿದ್ದವು! 2014ರ ನವೆಂಬರ್‌ನಲ್ಲಿ ದೋಹಾದಲ್ಲಿ 14 ದೇಶಗಳ 24 ತಜ್ಞರು ಕಲೆತು ಒಂದು ಒಪ್ಪಂದಕ್ಕೆ ಬಂದರು. ಕೈಯಿಂದ ಒತ್ತಿ, ಸ್ನಾಯುವಿನ ಬಲ ಪರೀಕ್ಷಿಸಿ, ನೋವಿನ ಮೂಲ ತೊಡೆಯ ಒಳಸ್ನಾಯುವೋ, ಸೊಂಟವನ್ನು ಮಡಿಸುವ ಸ್ನಾಯುವೋ, ಕೆಳಹೊಟ್ಟೆಯ ಪೊರೆಯ ಭಾಗವೋ, ಪ್ಯೂಬಿಕ್ ಮೂಳೆಯೋ ಎಂದು ಗುರುತಿಸಬೇಕು. ಸೊಂಟದ ಕೀಲು ಮತ್ತಿತರ ಕಾರಣಗಳನ್ನೂ ಮರೆಯಬಾರದು.

2019ರಲ್ಲಿ ನಾರ್ವೆಯ ಫುಟ್‌ಬಾಲ್ ತಂಡಗಳ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಸಂಗಾತಿಯೊಬ್ಬ ಕಾಲು ಹಿಡಿದುಕೊಂಡು ಮಾಡಿಸುವ ಒಂದೇ ವ್ಯಾಯಾಮದಿಂದ ಈ ತೊಂದರೆ ಶೇಕಡ 41ರಷ್ಟು ಕಡಿಮೆಯಾಯಿತು. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಹಳ್ಳಿಯ ಮೈದಾನಕ್ಕೂ ಎಟಕುವ ಚಿಕಿತ್ಸಾಜ್ಞಾನವಿದು.